ಹ್ಯಾಮಂಡ್ ಆರ್ಗನ್: ಯಾವ ದೋಷ ತಿದ್ದಬೇಕು, ಯಾವುದನ್ನು ಬಿಡಬೇಕು

ಲಾರೆನ್ಸ್ ಹ್ಯಾಮಂಡ್ ಸಂಗೀತಗಾರರಲ್ಲ. ಅವರು ಷಿಕಾಗೊದಲ್ಲಿ ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ ಎಂಜಿನಿಯರ್. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟಿನ ಆವರ್ತನವನ್ನೇ ತಾಳವಾಗಿ ಹಿಡಿದು ತಪ್ಪದೆ ಒಂದೇ ವೇಗದಲ್ಲಿ ತಿರುಗುವ ಸಿಂಕ್ರೊನಸ್ ಮೋಟಾರು ಆ ಗಡಿಯಾರಗಳ ಜೀವಾಳ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಗಡಿಯಾರದ ವ್ಯಾಪಾರ ಕುಗ್ಗಿದಾಗ, ಅದೇ ಮೋಟಾರಿನಿಂದ ಸ್ವರ ಹೊರಡಿಸುವ ದಾರಿಯನ್ನು ಅವರು ಹುಡುಕಿದರು. 1934ರಲ್ಲಿ ಪೇಟೆಂಟ್ ಸಿಕ್ಕಿತು. 1935ರಲ್ಲಿ ‘ಮಾಡೆಲ್ ಎ’ ಆರ್ಗನ್ ಮಾರುಕಟ್ಟೆಗೆ ಬಂತು. ದುಬಾರಿ ಪೈಪ್ ಆರ್ಗನ್ ಕಟ್ಟಿಸಲಾರದ ಚರ್ಚುಗಳಿಗೆ ಅದೇ ನಾದವನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಎಂಬುದು ಕಂಪನಿಯ ಮಾತಾಗಿತ್ತು.

ಆ ಮಾತು ನಿಲ್ಲಲಿಲ್ಲ. ಪೈಪ್ ಆರ್ಗನ್ ತಯಾರಕರು ಸಿಟ್ಟಿಗೆದ್ದರು, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿತು. 1937ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಹ್ಯಾಮಂಡ್ ಮತ್ತು ದೊಡ್ಡ ಪೈಪ್ ಆರ್ಗನ್ ಎರಡನ್ನೂ ಮರೆಯಲ್ಲಿ ನುಡಿಸಿ ಕೇಳುಗರನ್ನು ಪರೀಕ್ಷಿಸಿದರು. ಮೂರರಲ್ಲಿ ಒಂದರಷ್ಟು ಉತ್ತರ ತಪ್ಪಾದವು. ಆದರೂ ಪೈಪ್ ಆರ್ಗನ್‌ಗೆ ಸಮಾನ ಎಂದು ಜಾಹೀರಾತು ಮಾಡಕೂಡದೆಂದು 1938ರಲ್ಲಿ ಆದೇಶವಾಯಿತು. ಆದೇಶ ನ್ಯಾಯವಾದದ್ದೇ. ಹ್ಯಾಮಂಡ್ ಪೈಪ್ ಆರ್ಗನ್ ಆಗಲಿಲ್ಲ, ಬೇರೆಯೇ ಒಂದು ವಾದ್ಯವಾಯಿತು. ಅದನ್ನು ಹಾಗೆ ಮಾಡಿದ್ದು ಅದರ ತಯಾರಕರು ಒಪ್ಪದೇ ಇದ್ದ ಗುಣಗಳು. ಇವತ್ತು ಹಳೆಯ ಹ್ಯಾಮಂಡ್ ಒಂದನ್ನು ಕೊಳ್ಳುವವರ, ರಿಪೇರಿ ಮಾಡುವವರ, ನುಡಿಸುವವರ ಕೆಲಸವನ್ನು ನಾನು ತೂಗುವುದು ಇದೇ ತಕ್ಕಡಿಯಲ್ಲಿ: ಆ ಗುಣಗಳನ್ನು ಇವರು ಗುರುತಿಸಿದ್ದಾರೆಯೇ?

ಮೊದಲು ಪೆಟ್ಟಿಗೆಯ ಒಳಗೆ ನೋಡೋಣ. 1950ರ ದಶಕದ ನಡುವಿನಲ್ಲಿ ಬಂದ ಬಿ-3 ಮಾದರಿಯಲ್ಲಿ 91 ಟೋನ್‌ವೀಲ್‌ಗಳಿವೆ. ಅಂಚಿನಲ್ಲಿ ಹಲ್ಲುಗಳಿರುವ ಪುಟ್ಟ ಉಕ್ಕಿನ ಚಕ್ರಗಳಿವು. ಒಂದೊಂದು ಚಕ್ರದ ಎದುರಿಗೂ ಸುರುಳಿ ತಂತಿ ಸುತ್ತಿದ ಒಂದು ಆಯಸ್ಕಾಂತದ ಕಡ್ಡಿ. ಹಲ್ಲು ಎದುರಿಗೆ ಹಾದಾಗಲೆಲ್ಲ ತಂತಿಯಲ್ಲಿ ಸಣ್ಣ ವಿದ್ಯುತ್ ಅಲೆ ಹುಟ್ಟುತ್ತದೆ. ಅಮೆರಿಕದ 60 ಹರ್ಟ್ಜ್ ಕರೆಂಟಿನಲ್ಲಿ ಮೋಟಾರು ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. 88ಕ್ಕೆ 64 ಹಲ್ಲಿನ ಗೇರ್ ಆ ವೇಗವನ್ನು 27.5 ಸುತ್ತಿಗೆ ಏರಿಸುತ್ತದೆ. ಚಕ್ರದಲ್ಲಿ 16 ಹಲ್ಲುಗಳಿದ್ದರೆ ಸೆಕೆಂಡಿಗೆ ಸರಿಯಾಗಿ 440 ಅಲೆ, ಅಂದರೆ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರು. ಉಳಿದ ಸ್ವರಗಳಿಗೂ ಇಂಥದೇ ಗೇರಿನ ಲೆಕ್ಕ. ಈ ವಾದ್ಯಕ್ಕೆ ಶ್ರುತಿ ಮಾಡುವ ಬಿರಡೆಯಿಲ್ಲ, ಬೇಕಾಗುವುದೂ ಇಲ್ಲ.

ಬೇಕಾಗುವುದಿಲ್ಲ ಎಂಬ ಮಾತು ಅಮೆರಿಕಕ್ಕೆ ಸರಿ. ಅದೇ ಆರ್ಗನ್ನನ್ನು ಬೆಂಗಳೂರಿಗೆ ತಂದು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿ ಚಾಲೂ ಮಾಡಿದಿರಿ ಎನ್ನಿ. ನಮ್ಮ ಕರೆಂಟು 50 ಹರ್ಟ್ಜ್. ಮೋಟಾರು ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, ಇಡೀ ವಾದ್ಯದ ಶ್ರುತಿ ಮೂರು ಮನೆ ಕೆಳಗೆ ಬೀಳುತ್ತದೆ. ಬಿಳಿ ಆರನ್ನು ಒತ್ತಿದರೆ ಕಪ್ಪು ಮೂರಕ್ಕಿಂತ ತುಸು ಕೆಳಗಿನ ಸ್ವರ ಬರುತ್ತದೆ. ವೋಲ್ಟೇಜ್ ಬದಲಿಸಿದರೆ ಸಾಲದು, ಆವರ್ತನವನ್ನೇ ಬದಲಿಸುವ ಕನ್ವರ್ಟರ್ ಬೇಕು. ಇಲ್ಲವೇ ಬ್ರಿಟನ್, ಯೂರೋಪಿಗಾಗಿ 50 ಹರ್ಟ್ಜ್‌ಗೆ ತಯಾರಾದ ವಾದ್ಯವನ್ನೇ ತರಬೇಕು. ಅದು ಸಿಕ್ಕರೂ ವಾದ್ಯದ ಶ್ರುತಿ ಗ್ರಿಡ್ಡಿನ ಕೈಯಲ್ಲಿರುತ್ತದೆ. 2003ಕ್ಕೆ ಹಿಂದಿನ ವರ್ಷಗಳಲ್ಲಿ ದಕ್ಷಿಣ ಭಾರತದ ಗ್ರಿಡ್ಡಿನ ಆವರ್ತನ 49 ಹರ್ಟ್ಜ್‌ಗೂ ಕೆಳಗಿಳಿಯುವುದು ಸಾಮಾನ್ಯವಾಗಿತ್ತು. 49ಕ್ಕೆ ಇಳಿದರೇ ಶ್ರುತಿ ಒಂದು ಮನೆಯ ಮೂರನೆಯ ಒಂದು ಭಾಗದಷ್ಟು ಜಾರುತ್ತದೆ. ಪಕ್ಕದಲ್ಲಿ ಕೊಳಲು ನುಡಿಸುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ರಾಷ್ಟ್ರದ ಗ್ರಿಡ್ಡಿಗೆ ಸೇರಿತು. ಈಗ ಆವರ್ತನ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಾಗಾಗಿ ಇಂಥ ವಾದ್ಯವನ್ನು ಇಲ್ಲಿ ನುಡಿಸಲು ಹಿಂದೆಂದಿಗಿಂತ ಇದು ಒಳ್ಳೆಯ ಕಾಲ. ಕರೆಂಟು ಹೋಗಿ ಜನರೇಟರ್ ಹಾಕಿದರೆ ಮಾತ್ರ ಕಚೇರಿ ನಿಲ್ಲಿಸುವುದು ಮೇಲು.

ಇನ್ನು ತಯಾರಕರು ದೋಷಗಳೆಂದು ಕಂಡ ಆ ಗುಣಗಳು. ಪ್ರತಿ ಕೀಯ ಕೆಳಗೆ ಒಂಬತ್ತು ಸಣ್ಣ ಲೋಹದ ಸಂಪರ್ಕಗಳಿವೆ, ಒಂಬತ್ತು ಡ್ರಾಬಾರ್‌ಗಳಿಗೆ ಒಂದೊಂದು. ಡ್ರಾಬಾರ್ ಎಂದರೆ ಎಳೆದಷ್ಟು ಹೊರಗೆ ಬರುವ ಸರಳು, ಸೊನ್ನೆಯಿಂದ ಎಂಟರವರೆಗೆ ಗುರುತು. ಮೂಲಸ್ವರ ಎಷ್ಟು, ಅದರ ಮೇಲಿನ ಅನುಸ್ವರಗಳು ಎಷ್ಟೆಷ್ಟು ಎಂದು ಅಡುಗೆಯವರು ಸಾಂಬಾರಿಗೆ ಪುಡಿ ಹದ ಮಾಡುವಂತೆ ವಾದಕರು ತಾವೇ ಬೆರೆಸಿಕೊಳ್ಳುತ್ತಾರೆ. ಕೀ ಒತ್ತಿದಾಗ ಆ ಒಂಬತ್ತು ಸಂಪರ್ಕಗಳು ಕೂದಲೆಳೆಯಷ್ಟು ಹಿಂದೆಮುಂದೆ ಕೂಡುತ್ತವೆ, ಆಗ ಸ್ವರದ ಬಾಯಲ್ಲಿ ‘ಟಕ್’ ಎಂಬ ಸಣ್ಣ ಸದ್ದು ಹುಟ್ಟುತ್ತದೆ. ಕಂಪನಿ ಇದನ್ನು ಕುಂದು ಎಂದೇ ಭಾವಿಸಿ ತಗ್ಗಿಸಲು ವರ್ಷಗಟ್ಟಲೆ ಹೆಣಗಿತು. ಅನುಸ್ವರಗಳೂ ಶುದ್ಧವಲ್ಲ. ಹ್ಯಾಮಂಡ್ ಅವನ್ನು ಪ್ರತ್ಯೇಕವಾಗಿ ತಯಾರಿಸದೆ, ಹಾರ್ಮೋನಿಯಂ ಮನೆಗಳ ಹಾಗೆ ಸಮನಾಗಿ ಹಂಚಿದ ಸ್ವರಗಳಿಂದಲೇ ಎರವಲು ತೆಗೆದುಕೊಂಡಿತು. ಆದ್ದರಿಂದ ಐದನೆಯ ಅನುಸ್ವರ ತನ್ನ ಸಹಜ ಸ್ಥಾನಕ್ಕಿಂತ ಮೇಲೆ ನಿಲ್ಲುತ್ತದೆ. ಏಳನೆಯದು ಬಿ-3ಯ ಡ್ರಾಬಾರುಗಳಲ್ಲಿ ಇಲ್ಲವೇ ಇಲ್ಲ. ಜೊತೆಗೆ ಒಂದು ಚಕ್ರದ ಅಲೆ ಪಕ್ಕದ ತಂತಿಗೆ ಸೋರುತ್ತದೆ, ಒಂದು ಸ್ವರದ ಹಿಂದೆ ಇತರ ಸ್ವರಗಳ ಮಂದ ಗುನುಗು ಇದ್ದೇ ಇರುತ್ತದೆ.

ಇವೆಲ್ಲ ಕೂಡಿಯೇ ಹ್ಯಾಮಂಡ್‌ನ ಕಂಠವಾಯಿತು. ಅದನ್ನು ಮೊದಲು ಪೂರ್ತಿ ಅರ್ಥಮಾಡಿಕೊಂಡವರು ಅಮೆರಿಕದ ಕಪ್ಪುಜನರ ಚರ್ಚುಗಳ ವಾದಕರು ಮತ್ತು ಜಾಸ್ ವಾದಕರು. 1956ರಲ್ಲಿ ಬ್ಲೂ ನೋಟ್ ಕಂಪನಿಯಿಂದ ಮೊದಲ ಆಲ್ಬಮ್ ತಂದ ಜಿಮ್ಮಿ ಸ್ಮಿತ್ ಮೊದಲ ಮೂರು ಡ್ರಾಬಾರ್‌ಗಳನ್ನು ಪೂರ್ತಿ ಎಳೆದು, ಉಳಿದ ಆರನ್ನು ಒಳಗೇ ಬಿಟ್ಟು, ಮೇಲೆ ಪರ್ಕಷನ್ (ಸ್ವರದ ಆರಂಭದಲ್ಲಿ ಕ್ಷಣಕಾಲ ಮೊಳಗಿ ಆರುವ ಅನುಸ್ವರ) ಸೇರಿಸಿದ ನಾದವನ್ನು ತಮ್ಮ ಗುರುತಾಗಿಸಿಕೊಂಡರು. ಅವರ ಕೈಯಲ್ಲಿ ‘ಟಕ್’ ಸದ್ದು ತಾಳದ ಭಾಗವಾಯಿತು. ಮೃದಂಗದ ಮೇಲೆ ಬೆರಳಿನ ಏಟು ಎಷ್ಟು ಮುಖ್ಯವೋ ಅಷ್ಟೇ ಮುಖ್ಯ. ಪರ್ಕಷನ್‌ಗೂ ಒಂದು ಮಿತಿಯಿದೆ: ಎಲ್ಲ ಕೀಗಳಿಂದ ಬೆರಳೆತ್ತಿ ಮತ್ತೆ ಒತ್ತಿದಾಗ ಮಾತ್ರ ಅದು ಕೇಳಿಸುತ್ತದೆ. ಈ ಮಿತಿಯೇ ವಾದಕರಿಗೆ ಸ್ವರಗಳನ್ನು ಬಿಡಿಸಿ ನುಡಿಸಲು ಕಲಿಸಿತು. ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸ್ವರದ ಗಾತ್ರ ಒಂದೇ. ಏರಿಳಿತವೆಲ್ಲ ಬಲಗಾಲ ಪೆಡಲಿನ ಮೇಲೆ. ಪಿಯಾನೊ ಕಲಿತು ಬಂದವರು ಇಲ್ಲಿ ಬೇಗ ಸೋಲುತ್ತಾರೆ. ಹಾರ್ಮೋನಿಯಂ ಪಳಗಿದ ಕೈಗಳಿಗೆ ಸ್ವರವನ್ನು ಒತ್ತಿಹಿಡಿದು ನಿಲ್ಲಿಸುವ ಅಭ್ಯಾಸ ಮೊದಲೇ ಇರುತ್ತದೆ.

ಅರ್ಧ ನಾದ ಇನ್ನೊಂದು ಪೆಟ್ಟಿಗೆಯಲ್ಲಿದೆ. ಡಾನ್ ಲೆಸ್ಲಿ 1937ರಲ್ಲಿ ಹ್ಯಾಮಂಡ್ ಕೊಂಡು ಮನೆಗೆ ತಂದಾಗ ಅದರ ಸದ್ದು ಅವರಿಗೆ ಚಪ್ಪಟೆ ಎನಿಸಿತು. ಅವರು ಸ್ಪೀಕರಿನ ಬಾಯನ್ನೇ ತಿರುಗುವಂತೆ ಮಾಡಿದರು: ಮೇಲೆ ತಾರಸ್ವರಗಳಿಗೆ ಸುತ್ತುವ ಕೊಂಬು, ಕೆಳಗೆ ಮಂದ್ರಕ್ಕೆ ಸುತ್ತುವ ಡ್ರಮ್. ಕೊಂಬಿಗೆ ಎರಡು ಬಾಯಿ ಕಂಡರೂ ಸದ್ದು ಹೊರಡುವುದು ಒಂದರಿಂದ ಮಾತ್ರ. ಇನ್ನೊಂದು ತೂಕ ಸಮ ಮಾಡಲು. ಹ್ಯಾಮಂಡ್ ಕಂಪನಿಗೆ ಅವರು ಇದನ್ನು ತೋರಿಸಿದರು, ಕಂಪನಿ ಬೇಡವೆಂದಿತು. ಲಾರೆನ್ಸ್ ಹ್ಯಾಮಂಡ್ ಅವರಿಗೆ ಆ ನಾದ ಕೊನೆಯವರೆಗೂ ಹಿಡಿಸಲಿಲ್ಲ. ಅವರು ತೀರಿಕೊಂಡದ್ದು 1973ರಲ್ಲಿ. ಹ್ಯಾಮಂಡ್ ಕಂಪನಿ ಲೆಸ್ಲಿ ಕಂಪನಿಯನ್ನು ಕೊಂಡದ್ದು 1980ರಲ್ಲಿ. ಲೆಸ್ಲಿ ಸ್ಪೀಕರಿನ ನಿಜವಾದ ಸೊಗಸು ಅದರ ನಿಧಾನಗತಿಯಲ್ಲೂ ಇಲ್ಲ, ವೇಗದಲ್ಲೂ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಗುರ ಕೊಂಬು ಬೇಗ ಓಡಿ, ಭಾರದ ಡ್ರಮ್ ತಡವಾಗಿ ಹಿಂಬಾಲಿಸುವ ಆ ಕೆಲವು ಸೆಕೆಂಡುಗಳಲ್ಲಿದೆ. ಗತಿ ಬದಲಿಸುವ ಸ್ವಿಚ್ಚನ್ನು ಎಲ್ಲಿ ಒತ್ತುತ್ತಾರೆ ಎಂಬುದರಲ್ಲೇ ಒಬ್ಬ ಹ್ಯಾಮಂಡ್ ವಾದಕರ ಪ್ರಬುದ್ಧತೆ ತಿಳಿಯುತ್ತದೆ. ಹಾಡಿನುದ್ದಕ್ಕೂ ವೇಗದಲ್ಲೇ ಬಿಟ್ಟು ನುಡಿಸುವವರನ್ನು ನಾನು ಹೆಚ್ಚು ಹೊತ್ತು ಕೇಳಲಾರೆ.

ರಿಪೇರಿಯ ವಿಷಯಕ್ಕೆ ಬಂದರೆ, ಮಾಡಲೇಬೇಕಾದ ಕೆಲಸಗಳ ಬಗ್ಗೆ ಯಾವ ವಾದವೂ ಇಲ್ಲ. ಟೋನ್‌ವೀಲ್‌ಗಳಿರುವ ಒಳಗಿನ ಯಂತ್ರಕ್ಕೆ (ಇದನ್ನೂ ಜನರೇಟರ್ ಎನ್ನುತ್ತಾರೆ) ವರ್ಷಕ್ಕೊಮ್ಮೆ ಎಣ್ಣೆ ಬೇಕು. ಪುಟ್ಟ ಲಾಳಿಕೆಗಳಿಗೆ ಹಾಕಿದ ಎಣ್ಣೆ ಹತ್ತಿಯ ದಾರಗಳ ಗುಂಟ ಹರಿದು ಒಂದೊಂದು ಬೇರಿಂಗ್ ಮುಟ್ಟುತ್ತದೆ. ಇದಕ್ಕೆಂದೇ ತಯಾರಾದ ತೆಳು ಎಣ್ಣೆಯನ್ನೇ ಹಾಕಬೇಕು. ಕೈಗೆ ಸಿಕ್ಕ ಹೊಲಿಗೆ ಯಂತ್ರದ ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹಾಕಿದರೆ ದಾರ ಅಂಟಾಗಿ ಕಟ್ಟಿಕೊಂಡು ಎಣ್ಣೆ ಮುಂದಕ್ಕೆ ಹರಿಯದು. 1960ರ ದಶಕದ ನಡುವಿನ ನಂತರದ ವಾದ್ಯಗಳಲ್ಲಿ ಕೀಬೋರ್ಡಿನೊಳಗೆ ಸ್ಪಂಜಿನ ಪಟ್ಟಿ ಬಳಸಿದ್ದರು. ಅದು ಕಾಲಕ್ರಮದಲ್ಲಿ ಕರಗಿ ಸಣ್ಣ ತಂತಿಗಳನ್ನು ತಿಂದುಹಾಕುತ್ತದೆ, ಸ್ವರಗಳು ಒಂದೊಂದಾಗಿ ಸಾಯುತ್ತವೆ. ಇದನ್ನು ಕೆರೆದು ತೆಗೆದು ತಂತಿ ಹೊಸದಾಗಿ ಕಟ್ಟುವುದು ತಿಂಗಳುಗಟ್ಟಲೆಯ ತಾಳ್ಮೆಯ ಕೆಲಸ. ಹಾಗಾಗಿ ಎರಡು ವಾದ್ಯ ಎದುರಿಗಿದ್ದರೆ ಹೊಳಪು ಹೆಚ್ಚಿರುವ ಹೊಸದಕ್ಕಿಂತ ಗೀರು ಬಿದ್ದ ಹಳೆಯದನ್ನು ಆರಿಸುವುದು ಜಾಣತನ. ಇನ್ನೊಂದು ಮಾತು: ಒಳಗಿನ ವಾಲ್ವ್ ಆಂಪ್ಲಿಫೈಯರಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಉಳಿದಿರುತ್ತದೆ. ವಾಲ್ವ್ ರೇಡಿಯೊ ಬಿಚ್ಚಿ ಗೊತ್ತಿರುವವರ ಹೊರತು ಬೇರೆಯವರು ಕೈ ಹಾಕಬಾರದು.

ವಾದ ಹುಟ್ಟುವುದು ಟೋನ್‌ವೀಲ್ ಜನರೇಟರಿನ ಕಂಡೆನ್ಸರುಗಳ ಬಗ್ಗೆ. 1960ರ ದಶಕದ ಮೊದಲರ್ಧದವರೆಗಿನ ವಾದ್ಯಗಳಲ್ಲಿ ಇವು ಮೇಣದ ಕಾಗದದವು. ವರ್ಷಗಳಲ್ಲಿ ಅವುಗಳ ಮೌಲ್ಯ ಬದಲಾಗಿ ನಾದ ಮಂಕಾಗುತ್ತದೆ. ಹೊಸವನ್ನು ಹಾಕಿದರೆ ತಾರಸ್ವರ ಎದ್ದು ಬರುತ್ತದೆ. ಕಾರ್ಖಾನೆಯಿಂದ ಬಂದ ದಿನದ ನಾದ ಇದೇ ಎಂದು ಒಂದು ಪಕ್ಷ ಹೇಳುತ್ತದೆ, ಆ ಮಾಗಿದ ಮಂಕೇ ವಾದ್ಯದ ಸೊತ್ತು ಎಂದು ಇನ್ನೊಂದು. ಎಲ್ಲವನ್ನೂ ಒಂದೇ ಸಲ ಕಿತ್ತು ಬದಲಿಸುವುದು ತಪ್ಪು ಎಂದು ನನ್ನ ತೀರ್ಮಾನ. ಒಂದೊಂದು ಸ್ವರದ ಮಟ್ಟವನ್ನು ಅಳೆದು, ನೆರೆಯ ಸ್ವರಗಳಿಗಿಂತ ತೀರಾ ಕುಸಿದಿರುವುದನ್ನು ಮಾತ್ರ ತಿದ್ದಬೇಕು. ಸಂಪರ್ಕಗಳಲ್ಲಿ ಧೂಳು ಕೂತು ಕರಕರ ಎನ್ನುವುದು ಕಾಯಿಲೆ, ಅದನ್ನು ಶುಚಿ ಮಾಡಬೇಕು. ಸಹಜವಾದ ‘ಟಕ್’ ಕಾಯಿಲೆಯಲ್ಲ. ಇವೆರಡರ ವ್ಯತ್ಯಾಸ ತಿಳಿಯಲು ಮೀಟರಿಗಿಂತ ಮುಂಚೆ ಕಿವಿ ಬೇಕು. ರಿಪೇರಿಯವರು ಹಳೆಯ ರೆಕಾರ್ಡುಗಳನ್ನು ಕೇಳಿರಬೇಕು, ಸಾಧ್ಯವಾದರೆ ನುಡಿಸಲೂ ಬರಬೇಕು. ಬೆಸುಗೆ ಎಷ್ಟೇ ಚೊಕ್ಕವಾಗಿದ್ದರೂ ಕೇಳುವ ಕಿವಿಯಿಲ್ಲದ ರಿಪೇರಿ ಈ ವಾದ್ಯಕ್ಕೆ ಹಾನಿಯೇ.

ಇದಕ್ಕಿಂತ ಕೆಟ್ಟ ರೂಢಿಯೊಂದಿದೆ. ಬೆಂಚು, ಪೆಡಲು ಸೇರಿ ಬಿ-3 ಸುಮಾರು 190 ಕಿಲೊ ತೂಗುತ್ತದೆ. ಕಚೇರಿಯಿಂದ ಕಚೇರಿಗೆ ಹೊರಲು ಸುಲಭವಾಗಲೆಂದು ಅದರ ಮರದ ಪೆಟ್ಟಿಗೆಯನ್ನು ಗರಗಸದಿಂದ ಕೊಯ್ದು ಎರಡು ಭಾಗ ಮಾಡುವವರಿದ್ದಾರೆ. ದಿನವೂ ಊರೂರು ಸುತ್ತುವ ವಾದಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ 1970ರ ದಶಕದ ನಡುವಿಗೇ ಟೋನ್‌ವೀಲ್ ಆರ್ಗನ್ ತಯಾರಿಕೆ ನಿಂತುಹೋಗಿದೆ. ಕೊಯ್ದದ್ದನ್ನು ಮತ್ತೆ ತರಲಾಗದು. ಹೊತ್ತು ತಿರುಗಲು ಇವತ್ತು ಡಿಜಿಟಲ್ ಕೀಬೋರ್ಡುಗಳಿರುವಾಗ ಇದಕ್ಕೆ ಯಾವ ಸಮರ್ಥನೆಯೂ ಉಳಿದಿಲ್ಲ.

ಆ ಡಿಜಿಟಲ್ ಕೀಬೋರ್ಡುಗಳನ್ನು ಕೀಳಾಗಿ ಕಾಣುವ ಸಂಗ್ರಾಹಕರ ಜೊತೆ ನಾನಿಲ್ಲ. ಹ್ಯಾಮಂಡ್ ಹೆಸರನ್ನು ಕೊಂಡ ಜಪಾನಿನ ಸುಜುಕಿ ಕಂಪನಿಯೂ, ನಾರ್ಡ್, ಕ್ರೂಮಾರ್‌ನಂಥ ಯೂರೋಪಿನ ತಯಾರಕರೂ ಟೋನ್‌ವೀಲಿನ ನಾದವನ್ನು, ಅದರ ಸೋರಿಕೆ ಮತ್ತು ‘ಟಕ್’ ಸಮೇತ, ಬೆರಗಾಗುವಷ್ಟು ಹತ್ತಿರ ತಂದಿದ್ದಾರೆ. ಹಿಂದೆ ಕಾರ್ಖಾನೆ ಅಳಿಸಲು ಹೆಣಗಿದ್ದನ್ನು ಇಂದು ಎಂಜಿನಿಯರುಗಳು ಶ್ರಮಪಟ್ಟು ಬರೆಯುತ್ತಿದ್ದಾರೆ. ವಾದ್ಯವೃಂದದ ನಡುವೆ ಕೇಳುವಾಗ ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಅಸಲಿ ವಾದ್ಯದ ಕೀಯನ್ನು ತೀರಾ ನಿಧಾನ ಒತ್ತಿದಾಗ ಒಂಬತ್ತು ಅನುಸ್ವರಗಳು ಒಂದೊಂದಾಗಿ ಬಂದು ಕೂಡುತ್ತವೆ, ಅದನ್ನು ಬೆರಳು ತಿಳಿಯುತ್ತದೆ. ತಿರುಗುವ ಕೊಂಬಿನಿಂದ ಸದ್ದು ಕೋಣೆಯ ಗೋಡೆಗಳಿಗೆ ಬಡಿದು ಬರುವುದನ್ನು ಎರಡು ಸಾಧಾರಣ ಸ್ಪೀಕರುಗಳು ಇನ್ನೂ ಪೂರ್ತಿ ಕೊಡಲಾರವು. ಆದ್ದರಿಂದ ಹಣವನ್ನು ಹೂಡುವುದಾದರೆ ಮೊದಲು ಅಸಲಿ ಲೆಸ್ಲಿಗೆ ಹೂಡಿ; ಆರ್ಗನ್ ಡಿಜಿಟಲ್ ಆದರೂ ನಡೆಯುತ್ತದೆ.

ಅಸಲಿಯೇ ಬೇಕೆನ್ನುವವರು ಬಿ-3 ಹೆಸರಿಗೆ ಮರುಳಾಗಬೇಕಿಲ್ಲ. ಮನೆಗಳಿಗಾಗಿ ತಯಾರಾದ ಎ-100 ಮಾದರಿಯ ಒಳಗಿರುವುದು ಬಿ-3ಯ ಯಂತ್ರವೇ. ಸ್ಪೀಕರ್ ಸಮೇತ ಬರುತ್ತದೆ, ಬೆಲೆ ಕಡಿಮೆ. ಇನ್ನೂ ಚಿಕ್ಕದಾದ ಎಂ-3ಯಲ್ಲಿ ಒಂದೊಂದು ಕೀಬೋರ್ಡಿಗೆ 44 ಕೀಗಳಷ್ಟೇ. ಅದನ್ನು ಆಟಿಕೆ ಎನ್ನುವವರು 1962ರ ‘ಗ್ರೀನ್ ಆನಿಯನ್ಸ್’ ಕೇಳಲಿ. ಆಗ 17 ವರ್ಷದ ಬುಕರ್ ಟಿ. ಜೋನ್ಸ್ ಅದನ್ನು ನುಡಿಸಿದ್ದು ಎಂ-3 ಮೇಲೆಯೇ.

ಕೊಂಡ ಮೇಲೆ ನುಡಿಸಲೇಬೇಕು. ಸಂಪರ್ಕಗಳು ಶುಚಿಯಾಗಿರುವುದು ಕೀ ಒತ್ತಿದಾಗ ಆಗುವ ತಿಕ್ಕಾಟದಿಂದ, ಎಣ್ಣೆ ಬೇರಿಂಗುಗಳಲ್ಲಿ ಹದವಾಗಿರುವುದು ಚಕ್ರ ತಿರುಗುವುದರಿಂದ. ವಿದೇಶದ ನೆಂಟರಿಂದಲೋ ಹಳೆಯ ಚರ್ಚಿನಿಂದಲೋ ಇಂಥ ಆರ್ಗನ್ ನಿಮ್ಮ ಪಾಲಿಗೆ ಬಂದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದರೆ, ಮೊದಲು ಎಣ್ಣೆ ಹಾಕಿಸಿ, ಬಲ್ಲವರಿಂದ ಒಳಗೆ ಪರೀಕ್ಷೆ ಮಾಡಿಸಿ. ನಿಮಗೆ ನುಡಿಸಲು ಬಾರದಿದ್ದರೆ ವಾರಕ್ಕೊಮ್ಮೆಯಾದರೂ ಬಂದು ನುಡಿಸುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹುಡುಕಿ, ಅವರಿಗೆ ಮನೆಯ ಬಾಗಿಲು ತೆರೆದಿಡಿ.