ವಿಶೇಷಣಲೋಪವೂ ಅರ್ಥಹಾನಿಯೂ

ವೈದ್ಯಸಂಶೋಧನೆಯ ವರದಿಗಳನ್ನು ಕನ್ನಡಿಸುವವರು ವಿಶೇಷಣಗಳನ್ನು ಕೇವಲ ಅಲಂಕಾರವೆಂದೆಣಿಸಿ ಬಿಟ್ಟುಬಿಡುವುದುಂಟು. ಇದರಿಂದಾಗುವ ಅನರ್ಥಕ್ಕೆ ಎರಡು ನಿದರ್ಶನಗಳು ಸಾಕು.

ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯು, ಹುಸಿಲಸಿಕೆ ಪಡೆದವರಿಗಿಂತ ಲಸಿಕೆ ಪಡೆದವರಲ್ಲಿ, ರೋಟಾವೈರಸ್ಸಿನಿಂದಾಗುವ ತೀವ್ರವಾದ ಅತಿಸಾರವು ಮೊದಲ ವರ್ಷದಲ್ಲಿ ಶೇಕಡ 56.4ರಷ್ಟು ತಗ್ಗಿತೆಂದು ಹೇಳುವುದು. 'ರೋಟಾವೈರಸ್ಸಿನಿಂದಾಗುವ', 'ತೀವ್ರವಾದ' ಎಂಬೆರಡು ಪದಗಳನ್ನು ಕಳೆದು 'ಲಸಿಕೆಯು ಅತಿಸಾರವನ್ನು ಅರ್ಧಕ್ಕಿಳಿಸುವುದು' ಎಂದರೆ, ಅನ್ಯರೋಗಾಣುವಿನಿಂದ ಮಗುವಿಗೆ ಭೇದಿಯಾದಾಗ ತಾಯಿಯು ಲಸಿಕೆಯನ್ನೇ ಸುಳ್ಳೆಂದು ತೊರೆದಾಳು.

ಎಚ್.ಪಿ.ಟಿ.ಎನ್. 052 ಎಂಬ ಪರೀಕ್ಷೆಯ 2011ರ ವರದಿಯೂ ಹೀಗೆಯೇ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಎಚ್.ಐ.ವಿ. ಇದ್ದು, ಅವರಿಗೆ ಔಷಧವನ್ನು ಬೇಗನೆ ಆರಂಭಿಸಿದಲ್ಲಿ, ತಡವಾಗಿ ಆರಂಭಿಸಿದವರಿಗಿಂತ, ಅವರಿಂದ ಸಂಗಾತಿಗೆ ಸೋಂಕು ತಗಲುವುದು ಶೇಕಡ 96ರಷ್ಟು ಕಡಿಮೆಯಾಯಿತು. ಇಲ್ಲಿ ಉಕ್ತವಾದುದು ಸಂಕ್ರಮಣನಿರೋಧ, ರೋಗನಾಶವನ್ನು ಹೇಳಿಲ್ಲ. 'ಶೇಕಡ 96 ಗುಣ' ಎಂದು ಬರೆದರೆ ರೋಗಿಯು ಔಷಧವನ್ನೇ ಬಿಟ್ಟಾನು.

ವ್ಯಾವರ್ತನೆಯೇ ವಿಶೇಷಣದ ಪ್ರಯೋಜನವೆಂಬುದು ಶಾಸ್ತ್ರಾಭ್ಯಾಸಿಗಳಿಗೆ ತಿಳಿದ ಮಾತು. ಕಾವ್ಯದಲ್ಲಿ ಅದು ಲೋಪವಾದರೆ ರಸಕ್ಕೆ ಹಾನಿ, ಇಲ್ಲಿ ಪ್ರಾಣಕ್ಕೆ. ಆದುದರಿಂದ ಇಂತಹ ಅನುವಾದಗಳನ್ನು ಪರಿಶೀಲಿಸುವ ವಿದ್ವಾಂಸರು, ಸಂಖ್ಯೆಯು ಯಾವುದಕ್ಕೆ ಅನ್ವಯಿಸುವುದೆಂಬುದನ್ನು ಮೊದಲು ನೋಡತಕ್ಕದ್ದು.