ಉಸಿರು ಮುಗಿಯುವ ಮುನ್ನ

ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಈಗ ರಾತ್ರಿ ಊಟವಾದ ಮೇಲೆ ಮಗಳೊಂದಿಗೆ ‘ಸೀಕ್ವೆಸ್ಟ್’ ವಿಡಿಯೊ ಗೇಮ್ ಆಡುತ್ತೇನೆ. ಆಕ್ಟಿವಿಷನ್ ಕಂಪನಿಗಾಗಿ ಸ್ಟೀವ್ ಕಾರ್ಟ್‌ರೈಟ್ ರೂಪಿಸಿದ ಈ ಆಟ 1983ರಲ್ಲಿ ಅಟಾರಿ 2600 ಗೇಮ್ ಕನ್ಸೋಲ್‌ಗೆ ಬಂತು. ಚಿಕ್ಕಂದಿನಲ್ಲಿ ಶಾರ್ಕ್‌ಗಳಿಗೆ ಗುಂಡು ಹೊಡೆಯುವುದೇ ಆಟವೆನಿಸಿತ್ತು. ಆದರೆ ಇದರ ಜೀವಾಳ ಬೇರೆಯೇ ಇದೆ. ಮುಳುಗುಗಾರರನ್ನು ಒಬ್ಬೊಬ್ಬರಾಗಿ ಜಲಾಂತರ್ಗಾಮಿಗೆ ಹತ್ತಿಸಿಕೊಳ್ಳಬೇಕು. ಪರದೆಯ ಕೆಳಗಿನ ಆಮ್ಲಜನಕದ ಪಟ್ಟಿ ಸವೆಯುತ್ತಲೇ ಇರುತ್ತದೆ. ಆರು ಮಂದಿಯೊಂದಿಗೆ ಮೇಲೆ ಬಂದರೆ ಭರ್ಜರಿ ಅಂಕ. ಒಬ್ಬರೂ ಇಲ್ಲದೆ ಬಂದರೆ ಜಲಾಂತರ್ಗಾಮಿಯೇ ಹೋಯಿತು. ಇನ್ನೊಬ್ಬನಿಗಾಗಿ ಕಾಯುವುದೋ, ಉಸಿರು ಉಳಿಸಿಕೊಳ್ಳುವುದೋ? ಈ ಇಕ್ಕಟ್ಟನ್ನು ನಾಲ್ಕೇ ಕಿಲೋಬೈಟ್‌ನಲ್ಲಿ ಹೆಣೆದದ್ದು ದೊಡ್ಡ ಕಸುಬುದಾರಿಕೆ. 2013ರಲ್ಲಿ ಡೀಪ್‌ಮೈಂಡ್ ಕಂಪನಿ ತನ್ನ ಕೃತಕ ಬುದ್ಧಿಮತ್ತೆಯನ್ನು ಪಳಗಿಸಿದ ಏಳು ಆಟಗಳಲ್ಲಿ ಇದೂ ಒಂದು. ಆಗ ಈ ಆಟದಲ್ಲಿ ಆ ಕೃತಕ ಬುದ್ಧಿಮತ್ತೆ ನುರಿತ ಮನುಷ್ಯನಿಗೆ ಸರಿಸಾಟಿಯಾಗಲಿಲ್ಲ. ಮಕ್ಕಳೊಂದಿಗೆ ಒಮ್ಮೆ ಆಡಿ ನೋಡಿ.