ಮಕ್ಕಳ ಕೈಗೆ ನಿಧಾನದ ಬಂದೂಕು

ಬೇಸಿಗೆ ರಜೆ ಬಾಗಿಲಿಗೆ ಬಂದಿದೆ. ಜಾತ್ರೆಯಲ್ಲಿ ಫುಗ್ಗಾ ಒಡೆದು ಬಂದ ಮಕ್ಕಳು ಮನೆಯಲ್ಲೂ ಛರ್ರಾ ಬಂದೂಕು, ಅಂದರೆ ಏರ್ ಗನ್, ಬೇಕೆಂದು ಹಟ ಹಿಡಿದಿದ್ದಾರೆ. ನಿಲಂಗಾ, ಉಮರ್ಗಾ, ಉದಗೀರದ ಕಡೆಯ ತಂದೆ–ತಾಯಂದಿರು ಕೇಳುವುದು ಒಂದೇ ಮಾತು: ನೆರೆಮನೆಗೆ ಸದ್ದು ಹೋಗದ ಬಂದೂಕು ಯಾವುದು?

ಅಂಗಡಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಹೊಡೆಯುವ ಬಂದೂಕು ಯಾವುದೋ ಅದು; ವೇಗ ಇಳಿದಂತೆ ಸದ್ದೂ ಇಳಿಯುತ್ತದೆ. ಕೈಗೆ ಅಳತೆಯಾಗಿರಬೇಕು, ಟ್ರಿಗರ್ ಮೆತ್ತಗೆ ಬಿಡಬೇಕು, ಅಷ್ಟು ಸಾಕು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಸೆಕೆಂಡಿಗೆ ಸಾವಿರ ಅಡಿ ಎಂದು ಬರೆದು ಮಾರುವವರೊಡನೆ ನನ್ನ ಜಗಳ ಹಳೆಯದು. ಲೆಕ್ಕ ಹಾಕಿ ನೋಡಿ. ಸಾವಿರ ಅಡಿ ಎಂದರೆ ಸುಮಾರು 305 ಮೀಟರ್. ಅರ್ಧ ಗ್ರಾಮಿನ ಛರ್ರಾ ಆ ವೇಗದಲ್ಲಿ ಹೊರಟರೆ ಶಕ್ತಿ 23 ಜೂಲ್ ದಾಟುತ್ತದೆ. ನಮ್ಮಲ್ಲಿ ಪರವಾನಗಿ ಬೇಡದ ಬಂದೂಕಿನ ಮಿತಿ 4.5 ಮಿ.ಮೀ. ನಳಿಗೆ, 20 ಜೂಲ್ ಶಕ್ತಿ. 2016ರ ಆಯುಧ ನಿಯಮಗಳು ಹೇಳುವುದು ಇದನ್ನೇ. ಹಾಗಾದರೆ ಆ ಸಾವಿರ ಅಡಿ ಹಗುರವಾದ ಛರ್ರಾ ಹಾಕಿ ಅಳೆದದ್ದಾಗಿರಬೇಕು, ಇಲ್ಲವೆ ಬಂದೂಕೇ ಕಾನೂನು ಮೀರಿರಬೇಕು. ಎರಡೂ ಮಕ್ಕಳ ಹಿತ್ತಲಿಗೆ ಬೇಡ.

2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ. ಆ ಪಂದ್ಯದ ರೈಫಲುಗಳು ಛರ್ರಾವನ್ನು ಸೆಕೆಂಡಿಗೆ 170–180 ಮೀಟರ್ ವೇಗದಲ್ಲಷ್ಟೇ ಬಿಡುತ್ತವೆ. ಶಕ್ತಿ ಏಳೆಂಟು ಜೂಲ್. ಅಷ್ಟರಲ್ಲೇ ಅರ್ಧ ಮಿಲಿಮೀಟರಿನ ಚುಕ್ಕೆಗೆ ಹೊಡೆಯುತ್ತಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದದ್ದೂ ಇಂಥ ನಿಧಾನದ ಆಯುಧದಲ್ಲೇ, ಏರ್ ಪಿಸ್ತೂಲಿನಲ್ಲಿ. ಒಲಿಂಪಿಕ್ಸಿಗೆ ಸಾಕಾದ ವೇಗ ಅಂಗಳದ ಗುರಿಗೆ ಸಾಲದೆ?

ಇನ್ನು ಸದ್ದಿನ ಮಾತು. ಗಾಳಿ ತುಂಬಿದ ಸಿಲಿಂಡರಿನ ಪಿ.ಸಿ.ಪಿ. ಬಂದೂಕು ನಳಿಗೆಯ ಬಾಯಲ್ಲಿ ಚಟ್ಟೆಂದು ಸಿಡಿಯುತ್ತದೆ. ಅದಕ್ಕೆ ಸೈಲೆನ್ಸರ್ ಹುಡುಕಲು ಹೋಗಬೇಡಿ. ಸದ್ದಡಗಿಸುವ ಸಾಧನವನ್ನು ನಮ್ಮ ಆಯುಧ ಕಾಯಿದೆ ಬಂದೂಕಿನ ಸಾಲಿನಲ್ಲೇ ಇಟ್ಟಿದೆ. ನಳಿಗೆ ಮುರಿದು ಛರ್ರಾ ಹಾಕುವ ಕಡಿಮೆ ಶಕ್ತಿಯ ಸ್ಪ್ರಿಂಗ್ ಬಂದೂಕು ಮಕ್ಕಳಿಗೆ ಸರಿ. ಅದರ ಝಣಝಣ ಹೊಡೆಯುವವನಿಗೆ ಜೋರಾಗಿ ಕೇಳುತ್ತದೆ, ಏಕೆಂದರೆ ಅವನ ಕೆನ್ನೆ ಹಿಡಿಕೆಯ ಮೇಲಿರುತ್ತದೆ. ಗೋಡೆಯಾಚೆಗೆ ಅಷ್ಟು ಹೋಗುವುದಿಲ್ಲ. ಒಂದು ಎಚ್ಚರ: ಬಂದೂಕು ಸಲೀಸಾಗಲಿ ಎಂದು ಒಳಗೆ ಕೊಬ್ಬರಿ ಎಣ್ಣೆ, ಮಷಿನ್ ಎಣ್ಣೆ ಬಿಡುವವರಿದ್ದಾರೆ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಹೊತ್ತಿಕೊಂಡು ಪಟಾಕಿಯಂತೆ ಸಿಡಿಯುತ್ತದೆ, ಬಂದೂಕಿನ ಸೀಲೂ ಹಾಳಾಗುತ್ತದೆ. ಛರ್ರಾ ಹಾಕದೆ ಬರಿದೇ ಹೊಡೆದರೂ ಸೀಲಿಗೆ ಪೆಟ್ಟು.

ಆದರೆ ಹಿತ್ತಲಿನಲ್ಲಿ ಹೆಚ್ಚು ಗದ್ದಲ ಮಾಡುವುದು ಬಂದೂಕಲ್ಲ, ಗುರಿ. ತಗಡಿನ ಡಬ್ಬಿ ಓಣಿಯೆಲ್ಲ ಕೇಳುವಂತೆ ಬಾರಿಸುತ್ತದೆ. ನಮ್ಮ ಕಡೆಯ ಹಳೆಯ ವಾಡೆಗಳದ್ದು ಕರಿಕಲ್ಲಿನ ಗೋಡೆ. ಅದಕ್ಕೆ ಬಡಿದ ಛರ್ರಾ ಸದ್ದು ಮಾಡುವುದಷ್ಟೇ ಅಲ್ಲ, ಸಿಡಿದು ಹಿಂದಕ್ಕೂ ಬರುತ್ತದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಕಟ್ಟಿದ ಪುನರ್ವಸತಿ ಊರುಗಳಲ್ಲಿ ಮನೆಗಳು ಬಿಡಿಬಿಡಿಯಾಗಿವೆ, ಹಿತ್ತಲು ಅಗಲ. ಅಲ್ಲಿಯೂ ಗೋಡೆಗೆ ನೇರ ಹೊಡೆಯಕೂಡದು. ದಪ್ಪ ಹಲಗೆಯ ಪೆಟ್ಟಿಗೆ ಮಾಡಿ, ಹಳೆ ಬಟ್ಟೆಯ ಚಿಂದಿಯನ್ನು ಒತ್ತಿ ಒತ್ತಿ ತುಂಬಿ, ಮುಂದೆ ಕಾಗದದ ಗುರಿ ಅಂಟಿಸಿ. ಎರೆಮಣ್ಣು ತುಂಬಬೇಡಿ, ಒಣಗಿದರೆ ಹೆಂಟೆಗಟ್ಟಿ ಛರ್ರಾವನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲಿಗೆ ಏರ್ ಪಿಸ್ತೂಲಿನ ಗುರಿಕಾಗದ ಕೊಡಿ. ಅದರ ಹತ್ತರ ಉಂಗುರ 11.5 ಮಿ.ಮೀ. ಅಗಲ, ಮಕ್ಕಳಿಗೆ ಉಮೇದು ಬರುತ್ತದೆ. ಚಪ್ಪಟೆ ಮೂತಿಯ ಸೀಸದ ಛರ್ರಾ ಕಾಗದವನ್ನು ದುಂಡಗೆ ಕತ್ತರಿಸುವುದರಿಂದ ಅಂಕ ಎಣಿಸುವಾಗ ತಕರಾರಿಲ್ಲ. ಉಕ್ಕಿನ ಗುಂಡು ಬೇಡವೇ ಬೇಡ, ಪುಟಿಯುತ್ತದೆ.

ಇಲ್ಲಿಗೆ ಬಂದೂಕಿನ ಮಾತು ಮುಗಿಯಿತು. ಅದಕ್ಕಿಂತ ದೊಡ್ಡ ಮಾತೊಂದಿದೆ. ಉಮರ್ಗಾದ ಪಕ್ಕದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ. ಅದರಲ್ಲೊಂದು ಪೂರ್ತಿ ವಿನೋದಗಳದ್ದೇ. ಆನೆ, ಕುದುರೆ, ಮಲ್ಲರು, ಹುಂಜದ ಕಾಳಗ, ಮೀನು ಹಿಡಿಯುವುದು, ಸಂಗೀತ, ನೃತ್ಯ, ಕಥೆ ಎಲ್ಲವೂ ಅಲ್ಲಿವೆ. ಆ ಪಟ್ಟಿಯಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಒಂದು ವಿಂಗಡಣೆ: ಶಸ್ತ್ರವಿನೋದಕ್ಕೆ ಬೇರೆ ಅಧ್ಯಾಯ, ಮೃಗಯೆಗೆ ಬೇರೆ ಅಧ್ಯಾಯ. ಬೇಟೆಗೂ ಒಂದು ಅಧ್ಯಾಯ ಕೊಟ್ಟ ರಾಜನೂ ಆಯುಧದ ಕೈಚಳಕವನ್ನು ಕೊಲ್ಲುವುದರೊಳಗೆ ಕಲಸಲಿಲ್ಲ.

ನಮ್ಮ ಸೀಮೆ ಅದನ್ನು ಮರೆಯಿತು. ಇಲ್ಲಿ ಛರ್ರಾ ಬಂದೂಕು ಎಂದರೆ ಬೇವಿನ ಮರದ ಬೆಳವ, ಬದುವಿನ ಕೌಜುಗ. ‘ಹಕ್ಕಿಗೆ ಹೊಡೆದು ಕಲಿಯಲಿ, ಕಾಗದಕ್ಕೆ ಹೊಡೆದರೇನು ಬಂತು’ ಎನ್ನುವ ಹಿರಿಯರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದು ಅಪರಾಧ, ಕಲಿಕೆಯಾಗಿಯೂ ಅದು ಸುಳ್ಳು. ಹಕ್ಕಿ ಬಿದ್ದರೆ ಬಿತ್ತು, ಹಾರಿದರೆ ಹಾರಿತು. ಕೈ ಎಷ್ಟು ನಡುಗಿತು, ಉಸಿರು ಎಲ್ಲಿ ತಪ್ಪಿತು ಎಂದು ಅದು ಹೇಳುವುದಿಲ್ಲ. ಕಾಗದ ಹೇಳುತ್ತದೆ. ಎಡಕ್ಕೆ ಎರಡು ಮಿಲಿಮೀಟರ್ ಸರಿದ ತೂತು ಅಲ್ಲೇ ಉಳಿದು ಮಗುವಿಗೆ ತನ್ನ ತಪ್ಪನ್ನು ತೋರಿಸುತ್ತದೆ. ಮುಂದಿನ ಹೊಡೆತದಲ್ಲಿ ಅದನ್ನು ತಿದ್ದಿಕೊಳ್ಳುವುದೇ ಈ ಆಟದ ಸುಖ.

ಆದ್ದರಿಂದ ಬಂದೂಕು ಕೊಳ್ಳುವ ದಿನವೇ ಈ ಕರಾರು ಆಗಲಿ. ಜೀವವಿರುವ ಯಾವುದಕ್ಕೂ ಗುರಿಯಿಲ್ಲ. ಕಣ್ಣಿಗೆ ಕನ್ನಡಕವಿಲ್ಲದೆ, ದೊಡ್ಡವರೊಬ್ಬರು ಪಕ್ಕದಲ್ಲಿಲ್ಲದೆ ಹೊಡೆತವಿಲ್ಲ. ಒಬ್ಬರು ಹೊಡೆಯುವಾಗ ಉಳಿದ ಮಕ್ಕಳೆಲ್ಲ ಗೆರೆಯ ಹಿಂದೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟವಿಲ್ಲ. ಆಟ ಮುಗಿದ ಮೇಲೆ ಬಂದೂಕು ಬೀಗದೊಳಗೆ, ಕೀಲಿ ನಿಮ್ಮ ಹತ್ತಿರ. ಇಷ್ಟಕ್ಕೆ ಮಗು ಒಪ್ಪದಿದ್ದರೆ ಈ ರಜೆಯಲ್ಲಿ ಬಂದೂಕು ಕೊಳ್ಳಬೇಡಿ.